ಭಾವನ ಮನೆಯ ಸ್ವಿಚ್ಚು

ಸತ್ತವರ ದನಿ ಬಲು ಸಣ್ಣದು. ಅದನ್ನು ಹಿಡಿಯಲು ನಮ್ಮೂರಲ್ಲಿ ಮನೆಗೊಂದು ಯಂತ್ರವಿದೆ. ಅದು ಒಂದು ಮಿಡಿತ ಕಳಿಸಿದ ಕೂಡಲೇ, ಆ ಮಿಡಿತಕ್ಕೆ ಬಲ ಕೊಡುವ ಆಂಪ್ಲಿಫೈಯರನ್ನು ಸ್ವಿಚ್ಚು ಪೂರ್ತಿ ಆರಿಸಿದರೆ ಮಾತ್ರ ಅವರಾಡಿದ್ದು ಕೇಳಿಸುತ್ತದೆ; ಇಲ್ಲದಿದ್ದರೆ ಅದರ ಗುಂಯ್ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಟೆರೇಸಿನಿಂದ ಬಿದ್ದು ಅಕ್ಕ ಸತ್ತಂದಿನಿಂದ ಭಾವ ಮನೆಯ ಸ್ವಿಚ್ಚನ್ನು ಬೇಕಂತಲೇ ಕೆಡಿಸಿಟ್ಟಿದ್ದ. ಬರೀ ಗುಂಯ್ ಸದ್ದು.

ಇವತ್ತು ಅವನ ಎರಡನೇ ಮದುವೆಯ ನಿಶ್ಚಿತಾರ್ಥ. ವರನ ತೀರಿಹೋದ ತಾಯಿ ಯಂತ್ರದಲ್ಲಿ ಹರಸದೆ ಹೆಣ್ಣಿನವರು ತಾಂಬೂಲ ಮುಟ್ಟುವುದಿಲ್ಲ. ಈ ಯಂತ್ರಕ್ಕೆ ಊರಿಗೆ ಮೆಕ್ಯಾನಿಕ್ ನಾನೊಬ್ಬಳೇ, ಹಾಗಾಗಿ ನನ್ನನ್ನೇ ಕರೆಸಬೇಕಾಯಿತು.

"ಅಮ್ಮನ ದನಿ ಬಂದರೆ ಸಾಕು ಕಣೇ ಕಾಮಾಕ್ಷಿ, ಜಾಸ್ತಿ ಕೈಯಾಡಿಸಬೇಡ," ಎಂದ ಭಾವ.

"ಅರ್ಧಂಬರ್ಧ ಕೆಲಸ ನನಗೆ ಬರಲ್ಲ ಭಾವ."

ಹೊಸ ಸ್ವಿಚ್ಚು ಹಾಕಿದೆ. ಗುಂಯ್ ಸದ್ದು ನಿಂತಿತು. ನೆಂಟರೆಲ್ಲ ಕಿವಿಗೊಟ್ಟರು.

"ನಾನು ಕಾಲುಜಾರಿ ಬೀಳಲಿಲ್ಲ ಕಣ್ರೀ," ಎಂದಿತು ಅಕ್ಕನ ದನಿ. "ನೀವೇ ತಳ್ಳಿದ್ರಿ."

ಭಾವ ಯಂತ್ರ ಆರಿಸಲು ಓಡಿದ. ಆರಿಸುವ ಗುಂಡಿಯನ್ನು ನಾನು ಆಗಲೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡಿದ್ದೆ.