ಅಮ್ಮನ ಮುಖ ಯಾವ ಕಡೆ

"ಈ ಸಲ ಅಮ್ಮನನ್ನ ಎಡಕ್ಕೆ ತಿರುಗಿಸ್ತೀರಿ, ಹೋಟೆಲ್ ಕಡೆ. ಬಲಕ್ಕೆ ಬೇಡ," ಎಂದ ಹಬ್ಬದ ಸಮಿತಿಯ ಅಧ್ಯಕ್ಷ ಸಿಲ್ವಿಯೊ. ಸಾಂತಾ ಮಾರ್ಗರೀಟಾಳ ಮೂರ್ತಿ ಹೊರಲು ಚರ್ಚಿನ ಬಾಗಿಲಲ್ಲಿ ಸಜ್ಜಾಗಿ ನಿಂತಿದ್ದ ಎಂಟೂ ಜನ ತಲೆಯೆತ್ತಿದರು.

ಬಿಳಿ ನಿಲುವಂಗಿಯ ತೋಳು ಮಡಿಸುತ್ತಿದ್ದ ವಿಸ್ಟಿನ್‌ನ ಕೈ ಅಲ್ಲೇ ನಿಂತಿತು. ಹೋಟೆಲಿನ ಎದುರಿಗೆ, ಬೀದಿಯ ಬಲಕ್ಕೆ ಇದ್ದದ್ದು ಅವನ ಚಿಕ್ಕಮ್ಮ ಲೊರೆಟಾಳ ಮನೆ. ಅವಳ ಗಂಡ ಪಾವ್ಲು ಇದೇ ಹಬ್ಬಕ್ಕೆ ಗರ್ನಾಲು ಪಟಾಕಿ ಕಟ್ಟುತ್ತಿದ್ದಾಗ ಕೋಣೆಗೆ ಕೋಣೆಯೇ ಸಿಡಿದು ಸತ್ತಿದ್ದ. ಹೂಳಲು ದೇಹ ಪೂರ್ತಿ ಸಿಕ್ಕಿರಲಿಲ್ಲ. ಅಂದಿನಿಂದ ಪ್ರತಿ ಹಬ್ಬಕ್ಕೂ ಅಮ್ಮ ಆ ಬೀದಿಯಲ್ಲಿ ಲೊರೆಟಾಳ ಬಾಲ್ಕನಿಯತ್ತ ಮುಖ ತಿರುಗಿಸಿ ನಿಲ್ಲುತ್ತಿದ್ದಳು. ಯಾರೂ ಮಾಡಿದ ಕಟ್ಟಳೆಯಲ್ಲ, ಊರು ತಾನಾಗಿ ಒಪ್ಪಿಕೊಂಡ ಋಣ.

"ಯಾಕಂತೆ ಎಡಕ್ಕೆ?" ಎಂದ ವಿಸ್ಟಿನ್.

"ಈ ಹೊಸ ದೀಪದ ಸಾಲು ಯಾರು ಹಾಕಿಸಿದ್ದು ಅಂದ್ಕೊಂಡೆ? ಹೋಟೆಲಿನೋರು. ತಾರಸಿ ಮೇಲೆ ಅತಿಥಿಗಳನ್ನ ಕೂರಿಸಿದಾರೆ. ಅಮ್ಮನ ಮುಖ ಚೆನ್ನಾಗಿ ಕಾಣತ್ತೆ ಅಂತ ಮಾತು ಕೊಟ್ಟಿದೀನಿ."

"ಮಾತು ಕೊಡೋಕೆ ಅಮ್ಮ ಏನು ನಿಮ್ಮನೆ ಗೊಂಬೆನಾ?"

"ನೋಡಪ್ಪಾ, ಪಾವ್ಲು ಸತ್ತು ಯಾವ ಕಾಲ ಆಯ್ತು. ಇನ್ನೂ ಎಷ್ಟು ವರ್ಷ ಅದೊಂದೇ ಮನೆ ಕಡೆ ತಿರುಗಿಸ್ತಾ ಇರೋದು? ನಿನ್ನ ಚಿಕ್ಕಮ್ಮ ಅಂತ ನಿನಗೆ ಉರಿ, ಅಷ್ಟೆ." ಸಿಲ್ವಿಯೊ ಉಳಿದವರ ಕಡೆ ತಿರುಗಿದ. "ಇಷ್ಟ ಇಲ್ಲದೋರು ಈಗಲೇ ಹೇಳಿಬಿಡಿ. ಈ ಜಾಗಕ್ಕೆ ಕಾಯ್ತಾ ಇರೋರು ಬೇಕಾದಷ್ಟು ಜನ ಇದಾರೆ."

ವಿಸ್ಟಿನ್ ಏಳು ಮುಖಗಳನ್ನೂ ನೋಡಿದ. ಒಬ್ಬ ಮೂಗು ಒರೆಸಿಕೊಂಡ. ಬೆರ್ತು ಬಗ್ಗಿ, ಕಟ್ಟಿದ್ದ ಬೂಟಿನ ದಾರವನ್ನೇ ಬಿಚ್ಚಿ ಮತ್ತೆ ಕಟ್ಟಿದ. ಪಾವ್ಲುವಿನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರ ಮಕ್ಕಳೇ ಎಲ್ಲರೂ! ಹೊಳೆಯೆಂಬುದೇ ಇಲ್ಲದ ದ್ವೀಪ ಇದು; ಆದರೂ ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ವಿಸ್ಟಿನ್ ಅರ್ಧ ಮಡಿಸಿದ್ದ ತೋಳನ್ನು ಪೂರ್ತಿ ಮಡಿಸಿ ತನ್ನ ಜಾಗಕ್ಕೆ ಹೋದ. ಮೂರ್ತಿಯ ಮುಂದಿನ ಬಲಗಡೆಯ ಆ ಜಾಗ ಅವನ ಅಪ್ಪ ಹೊತ್ತ ಜಾಗ. ಹೊತ್ತು ಹೊತ್ತು ಈಗ ವಿಸ್ಟಿನ್‌ನ ಹೆಗಲಲ್ಲೂ ಒಂದು ಗಂಟು ಎದ್ದಿತ್ತು. ಊರಲ್ಲಿ ಅದಕ್ಕೆ ರೊಟ್ಟಿ ಎನ್ನುತ್ತಾರೆ, ಹೊತ್ತವರಿಗಷ್ಟೇ ಸಿಗುವ ರೊಟ್ಟಿ. ಅದರ ಮೇಲೆ ಮೂರ್ತಿ ಹೊರುವ ಮರವನ್ನು ಇಟ್ಟುಕೊಂಡು ಅವನು ಹೊರಟ.

ಸಂಜೆಯ ಬಿಸಿಲು ಮಾಳಿಗೆಗಳ ಮೇಲೇರುವ ಹೊತ್ತಿಗೆ ಮೆರವಣಿಗೆ ಆ ಬೀದಿಗೆ ಬಂತು. ಎಡಕ್ಕೆ, ಮೂರು ಹಳೇ ಮನೆ ಕೆಡವಿ ಕಟ್ಟಿದ ಹೋಟೆಲು. ತಾರಸಿಯ ತುಂಬ ಗ್ಲಾಸು ಹಿಡಿದ ಕೈಗಳು, ಫೋನು ಹಿಡಿದ ಕೈಗಳು. ಬಲಕ್ಕೆ, ಮರದ ಬಾಲ್ಕನಿಯಿಂದ ಇಳಿಬಿಟ್ಟ ಕೆಂಪು ಜರತಾರಿ ಬಟ್ಟೆ, ಅದರ ಮೇಲುಗಡೆ ಲೊರೆಟಾಳ ಮುಖ. ಅವಳಿಗೆ ಈಗ ನಡೆಯಲಾಗುವುದಿಲ್ಲ. ಪಕ್ಕದ ಮನೆಯವರು ಮಧ್ಯಾಹ್ನವೇ ಕುರ್ಚಿಸಮೇತ ಎತ್ತಿ ತಂದು ಕೂರಿಸಿದ್ದರು. ಕಿವಿಯಲ್ಲಿ ಮದುವೆಯ ಓಲೆ. ಅಮ್ಮ ಹತ್ತಿರವಾಗುತ್ತಿದ್ದಂತೆ ಅವಳು, ಬಾಗಿಲಿಗೆ ನೆಂಟರು ಬಂದಾಗ ಮಾಡುವಂತೆ, ಕೂದಲು ಒತ್ತಿ ಸರಿಮಾಡಿಕೊಂಡಳು.

ಅದನ್ನು ಕಂಡದ್ದೇ ವಿಸ್ಟಿನ್‌ಗೆ ಮೈಯೆಲ್ಲ ಉರಿದುಹೋಯಿತು. ಇವಳಿಗೆ ಅಮ್ಮನ ಬೆನ್ನು ತೋರಿಸಬೇಕೆ? ನಾಲ್ಕು ದೀಪಕ್ಕೆ?

ಹೊರುವ ಮರಕ್ಕೆ ಬೆರಳ ಗೆಣ್ಣಿನಿಂದ ಬಡಿಯುವುದು ಮುಂದಿನ ಬಲಗಡೆಯವನ ಕೆಲಸ. ಒಂದು ಬಡಿತಕ್ಕೆ ನಿಲ್ಲಬೇಕು, ಎರಡಕ್ಕೆ ಬಲಕ್ಕೆ, ಮೂರಕ್ಕೆ ಎಡಕ್ಕೆ. ವಿಸ್ಟಿನ್ ಒಂದು ಬಡಿದ. ಮೂರ್ತಿ ನಿಂತಿತು. ಮುಂದೆ ನಡೆಯುತ್ತಿದ್ದ ಸಿಲ್ವಿಯೊ ಹಿಂದಿರುಗಿ ಎಡಗೈ ಎತ್ತಿದ. ವಿಸ್ಟಿನ್ ಎರಡು ಬಡಿದ.

ಮೂರನೆಯದು ಬರಲಿಲ್ಲ.

ಎಂಟರಲ್ಲಿ ಒಂದು ಹೆಗಲು ಒಪ್ಪದಿದ್ದರೂ ಮೂರ್ತಿ ವಾಲುತ್ತದೆ. ಯಾರೂ ಅಲುಗಲಿಲ್ಲ. ವಿಸ್ಟಿನ್‌ನ ಬೆನ್ನ ಮೇಲೆ ಬೆವರು ಇಳಿಯಿತು. ತಾನೊಬ್ಬನೇ ಉಳಿದೆ ಎಂದುಕೊಳ್ಳುತ್ತಿರುವಾಗ ಹಿಂದಿನಿಂದ ಬೆರ್ತು ಗದರಿದ.

"ಏನ್ ಕಾಯ್ತಿದೀಯೋ ಮಾರಾಯ? ತಿರುಗು! ಹೆಗಲು ಬಿದ್ದೋಗ್ತಿದೆ."

ಎಂಟು ಜೊತೆ ಕಾಲು ಬಲಕ್ಕೆ ಸರಿದವು. ಮರದ ಕೆಳಗೆ ಕವೆಗೋಲು ಕೊಟ್ಟು ಮೂರ್ತಿಯನ್ನು ನಿಲ್ಲಿಸಿದರು. ಸಾಂತಾ ಮಾರ್ಗರೀಟಾ ಲೊರೆಟಾಳ ಕಡೆ ನೋಡುತ್ತ ನಿಂತಳು. ಮೂರ್ತಿಯ ಕಾಲಡಿ ಮೆಟ್ಟಿದ ಘಟಸರ್ಪದ ಬಾಲ ಮಾತ್ರ ಹೋಟೆಲಿನ ಕಡೆ ಸುರುಳಿ ಬಿಚ್ಚಿಕೊಂಡಿತ್ತು.

ಸಿಲ್ವಿಯೊ ಮುಖ ಕೆಂಪಗೆ ಮಾಡಿಕೊಂಡು ಓಡಿಬಂದ. "ಅವರಿಗೆ ನಾನೇನು ಉತ್ತರ ಕೊಡ್ಲೋ?"

"ಎಡಕ್ಕೆ ತಿರುಗಿಸಿದ್ರೆ ಪಾವ್ಲು ಚಿಕ್ಕಪ್ಪನಿಗೆ ಏನು ಉತ್ತರ ಕೊಡ್ತಿದ್ರಿ, ಅದನ್ನೇ ಕೊಡಿ."

"ಮುಂದಿನ ವರ್ಷ ಈ ಮರದ ಕೆಳಗೆ ನೀನು ಇರಲ್ಲ, ನೆನಪಿಟ್ಕೋ."

"ಈ ವರ್ಷ ಇದೀನಲ್ಲ," ಎಂದ ವಿಸ್ಟಿನ್.

ಕೆಳಗಿನ ಜಗಳದ ತಲೆಬುಡ ಲೊರೆಟಾಳಿಗೆ ಗೊತ್ತಿರಲಿಲ್ಲ. ಅವಳು ಅಮ್ಮನನ್ನು ಕಣ್ತುಂಬ ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಕಣ್ಣೆತ್ತಿದರೆ ಎದುರು ತಾರಸಿಯ ಮೇಲೆ ಅಷ್ಟೂ ಜನ ಕೈ ಚಾಚಿ ಬಾಲದ ಫೋಟೋ ತೆಗೆಯುತ್ತಿದ್ದರು.

"ಏ ಸಿಲ್ವಿಯೊ," ಎಂದು ಮೇಲಿನಿಂದಲೇ ಕೂಗಿದಳು. "ಪಾಪ, ಅವರನ್ನೂ ಕೆಳಗೆ ಕರಿಯೋ, ನನ್ನ ಬಾಗಿಲಲ್ಲಿ ನಿಂತ್ಕೊಳ್ಳಲಿ. ಅಲ್ಲಿಂದ ಅವರಿಗೆ ಏನು ಕಾಣತ್ತೆ?"