ಮೂರನೆಯ ಬೇಡ

ಪಾಲ್ಮರ್ ಹೌಗನ್ ಹರಳು ಚೆಲ್ಲುವ ತಳ್ಳುಗಾಡಿಯನ್ನು ತನ್ನ ಅಂಗಳದ ಅಂಚಿನವರೆಗೂ ತಳ್ಳಿಕೊಂಡು ಬಂದು, ನೆರೆಮನೆಯ ಆರ್ವಿಡ್ ಟಾಲೆಫ್ಸನ್ನನ ಅಂಗಳ ಮೊದಲಾಗುವಲ್ಲಿ ನಿಂತ. ನಡುವೆ ಬೇಲಿಯಿರಲಿಲ್ಲ; ಅಮೆರಿಕದ ಮಿನ್ನೆಸೋಟ ರಾಜ್ಯದ ಆ ಊರಿನಲ್ಲಿ ನೆರೆಯವನ ಕಡೆಗೆ ಬೇಲಿ ಹಾಕುವುದೆಂದರೆ ಅವನ ಮುಖದ ಮೇಲೆ ಬಾಗಿಲು ಹಾಕಿದಂತೆ. ಗಾಡಿಯಲ್ಲಿದ್ದದ್ದು ಕಳೆ ತಡೆಯುವ ಔಷಧಿಯ ಹರಳು. ಮಣ್ಣಿನೊಳಗಿನ ಬೀಜ ಮೊಳಕೆಯೊಡೆಯಲು ಹೊರಟ ಕೂಡಲೇ ಅದನ್ನು ಅಲ್ಲಿಯೇ ಕೊಲ್ಲುವಂಥದ್ದು. ಕಳೆಯ ಬೀಜ ಯಾವುದು, ಹುಲ್ಲಿನ ಬೀಜ ಯಾವುದು ಎಂಬ ವಿವೇಚನೆ ಅದಕ್ಕಿಲ್ಲ.

ಆರ್ವಿಡ್ ಹುಲ್ಲಿನ ಬೀಜ ಬಿತ್ತಿದ್ದು ಹಿಂದಿನ ದಿನವಷ್ಟೇ. ಅದಕ್ಕೆ ಮುಂಚೆ, ಬೇಸಿಗೆಯ ಕೊನೆಯಲ್ಲಿ, ಅಂಗಳವನ್ನೆಲ್ಲ ನುಂಗಿದ್ದ ತೆವಳುಬಳ್ಳಿಗೆ ವಿಷ ಹೊಡೆದಿದ್ದ. ಅದು ಬೇರುಸಹಿತ ಸಾಯುವವರೆಗೆ ಕಾದು, ಸತ್ತದ್ದನ್ನು ಬಾಚಿ ತೆಗೆದು, ಮಣ್ಣನ್ನು ಕೆರೆದು ಸಡಿಲ ಮಾಡಿ, ಬಿತ್ತಿ, ಮೇಲೆ ತೆಳ್ಳಗೆ ಒಣಹುಲ್ಲು ಹೊದಿಸಿದ್ದ. ಇಷ್ಟು ಶ್ರದ್ಧೆಗೆ ಕಾರಣವಿತ್ತು. ಅವನ ಹೆಂಡತಿ ಮಾರ್ಲಿಸ್ ಕಡಾಖಂಡಿತವಾಗಿ ಹೇಳಿಬಿಟ್ಟಿದ್ದಳು:

"ಪ್ರತಿ ವರ್ಷ ಇದೇ ಗೋಳು. ಹಿಮ ಬೀಳೋದ್ರೊಳಗೆ ಹಸಿರು ಕಾಣ್ಲಿಲ್ಲ ಅಂದ್ರೆ ನೋಡ್ತಿರು, ಲಾರಿ ತರಿಸಿ ಜಲ್ಲಿ ಸುರಿಸಿಬಿಡ್ತೀನಿ. ಮಕ್ಕಳನ್ನಾದ್ರೂ ಈ ಹುಲ್ಲಿನಷ್ಟು ಮುದ್ದಾಗಿ ಸಾಕಿದ್ಯಾ ನೀನು?"

ಜಲ್ಲಿ ಹಾಸಿದ ಅಂಗಳವೆಂದರೆ, ಆರ್ವಿಡ್‌ನ ಪಾಲಿಗೆ, ಉಳಿದ ಆಯುಷ್ಯವನ್ನು ಪೆಟ್ರೋಲ್ ಬಂಕಿನ ಮುಂದೆ ಕುರ್ಚಿ ಹಾಕಿಕೊಂಡು ಕಳೆಯುವುದಕ್ಕೆ ಸಮ.

"ಕಳೆ ಔಷಧಿ ಅರ್ಧ ಚೀಲ ಉಳಿದಿದೆ ಕಣೋ," ಎಂದ ಪಾಲ್ಮರ್, ಅಂಗಳದಲ್ಲಿ ನಿಂತಿದ್ದ ಆರ್ವಿಡ್‌ಗೆ. "ನಿನ್ನ ಕಡೆಗೂ ಒಂದು ಸುತ್ತು ಹಾಕ್ಬಿಡ್ಲಾ?"

"ಅಯ್ಯೋ ಬೇಡಪ್ಪ, ನಿನಗ್ಯಾಕೆ ತೊಂದ್ರೆ."

"ತೊಂದ್ರೆ ಏನ್ ಬಂತು? ಗಾಡಿ ಹೇಗೂ ಹೊರಗಿದೆ."

"ಬೇಡ ಬೇಡ, ಮುಂದಿನ ವರ್ಷಕ್ಕೆ ನಿನಗೇ ಆಗತ್ತೆ, ಇಟ್ಕೋ."

ಆ ಸೀಮೆಯಲ್ಲಿ ಕಾಫಿಯೇ ಇರಲಿ, ಹಿಮ ಎತ್ತಿ ಹಾಕುವ ಸಹಾಯವೇ ಇರಲಿ, ಕೊಡುವವನು ಮೂರು ಬಾರಿ ಕೇಳಬೇಕು. ಪಡೆಯುವವನು ಎರಡು ಬಾರಿ ಬೇಡವೆನ್ನಬೇಕು. ಇದು ಮರ್ಯಾದೆ. ಮೂರನೆಯ ಬಾರಿಯೂ ಬೇಡವೆಂದರೆ ಅದು ವಸ್ತುವನ್ನಲ್ಲ, ಮನುಷ್ಯನನ್ನೇ ಬೇಡವೆಂದಂತೆ. ಹಿಂದೊಮ್ಮೆ ಆಲೂಗಡ್ಡೆಯ ಪಲ್ಯವನ್ನು ಯಾರೋ ಮೂರನೆಯ ಬಾರಿ ನಿರಾಕರಿಸಿದ್ದರಂತೆ; ಆ ಎರಡು ಮನೆತನಗಳು ಇಂದಿಗೂ ಚರ್ಚಿನಲ್ಲಿ ಆ ಬದಿಗೊಂದು ಈ ಬದಿಗೊಂದು ಕೂರುತ್ತವೆ ಎಂದು ಊರಿನವರು ದನಿ ತಗ್ಗಿಸಿ ಹೇಳುತ್ತಾರೆ.

"ನನಗೇನೂ ಭಾರ ಇಲ್ಲ ಮಾರಾಯ," ಎಂದು ಪಾಲ್ಮರ್ ಮೂರನೆಯ ಬಾರಿ ಕೇಳಿದ. "ಹಾಕೇಬಿಡ್ಲಾ, ಏನಂತೀಯ?"

ಆರ್ವಿಡ್ ಒಣಹುಲ್ಲಿನ ಕಡೆ ನೋಡಿದ. "ನಿನ್ನೆ ತಾನೇ ಬಿತ್ತಿದ್ದೀನಿ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಅದನ್ನು ಆಡಿದರೆ, ಮೂಗಿನ ಕೆಳಗಿರುವುದೂ ನಿನಗೆ ಕಾಣಿಸುವುದಿಲ್ಲವೇ ಎಂದು ಹಳೆಯ ಗೆಳೆಯನನ್ನು ಜರೆದ ಹಾಗಾಗುತ್ತದೆ. ಮಾತನ್ನು ನುಂಗಿಕೊಂಡ.

"ಹಾಗಾದ್ರೆ... ನಿನಗೆ ಕಷ್ಟ ಇಲ್ಲ ಅಂದ್ರೆ ಮಾತ್ರ. ಒಂಚೂರು ಸಾಕು."

ಪಾಲ್ಮರ್ ಒಂಚೂರಿಗೆ ನಿಲ್ಲುವ ಕೃಪಣನಲ್ಲ. ಮೂಲೆಮೂಲೆಗೂ ಗಾಡಿ ತಿರುಗಿಸಿದ. ನೀರಿನ ಪೈಪು ಅಡ್ಡ ಬಂದಾಗ ಆರ್ವಿಡ್ ತಾನೇ ಬಗ್ಗಿ ಎತ್ತಿ ದಾರಿ ಮಾಡಿಕೊಟ್ಟ. ಕೆಲಸ ಮುಗಿದ ಮೇಲೆ ಕಾಫಿಗೆ ಕರೆದ. ಪಾಲ್ಮರ್ ಕೇಕನ್ನು ಎರಡು ಬಾರಿ ಬೇಡವೆಂದು, ಆಮೇಲೆ ಎರಡು ತುಂಡು ತಿಂದ.

ಮೇಪಲ್ ಎಲೆಗಳು ಉದುರಿ ಮುಗಿದರೂ ಅಂಗಳದಲ್ಲಿ ಒಂದು ಎಸಳೂ ಏಳಲಿಲ್ಲ. ಮಾರ್ಲಿಸ್ ಮೆಟ್ಟಿಲ ಮೇಲೆ ನಿಂತು ಆ ಬೋಳು ಮಣ್ಣನ್ನು ದಿಟ್ಟಿಸಿದಳು.

"ಯಾವ ಬೀಜ ತಂದಿದ್ದೆ? ಬೇಯಿಸಿದ್ದಾ?"

"ಈ ಸಲ ಚಳಿ ಬೇಗ ಬಂತು," ಎಂದ ಆರ್ವಿಡ್.

ಜಲ್ಲಿಯ ಲಾರಿ ಬಂತು. ಹರಡಿ ಸಮ ಮಾಡಲು ಪಾಲ್ಮರ್ ಕರೆಯದೆಯೇ ಕೈಕುಂಟೆ ಹಿಡಿದು ಬಂದ. ಸಂಜೆಯವರೆಗೆ ಇಬ್ಬರೂ ಕಲ್ಲು ಎಳೆದರು. ಕೊನೆಗೆ ಸಮಾಧಾನ ಹೇಳುವವನಂತೆ ಪಾಲ್ಮರ್, "ಆದ್ರೂ ನೋಡು, ಒಂದೇ ಒಂದು ಕಳೆ ಎದ್ದಿರ್ಲಿಲ್ಲ," ಎಂದ.

"ಹೌದಪ್ಪ," ಎಂದ ಆರ್ವಿಡ್. "ಒಳ್ಳೇ ಔಷಧಿ. ಬಹಳ ಉಪಕಾರ ಆಯ್ತು."

ಮನೆಗೆ ಬಂದು ಬೂಟು ಕಳಚುತ್ತ ಪಾಲ್ಮರ್ ನಿಟ್ಟುಸಿರಿಟ್ಟ. "ಪಾಪ ಆರ್ವಿಡ್. ಎಷ್ಟು ಆಸೆಯಿಂದ ಬಿತ್ತಿದ್ದ."

ಅವನ ಹೆಂಡತಿ ಇನೆಜ್ ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. "ಅವನು ಬಿತ್ತಿದ್ದು ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಹೊದಿಸಿದ್ದ ಒಣಹುಲ್ಲು ಕಣ್ಣಿಗೆ ಹೊಡೀತಿತ್ತು."

"ಮತ್ತೆ ಆ ವಿಷ ಹಾಕ್ತೀನಿ ಅಂತ ಯಾಕೆ ಕೇಳೋಕೆ ಹೋದೆ?"

"ಗಾಡಿ ಹಿಡ್ಕೊಂಡು ಅವನ ಎದುರಿಗೇ ನಿಂತ ಮೇಲೆ ಕೇಳ್ದೆ ಇರೋಕಾಗತ್ತಾ? ಹೇಗೂ ಬೇಡ ಅಂತಾನೆ ಅಂದ್ಕೊಂಡೇ ಕೇಳ್ದೆ. ಅವನು ಹೂಂ ಅಂದ್ಬಿಟ್ಟ."

"ಹೂಂ ಅಂದ್ರೆ ಹಾಕ್ಬಿಡೋದಾ?"

ಪಾಲ್ಮರ್ ಹೆಂಡತಿಯನ್ನು ನಿಜವಾದ ಬೆರಗಿನಿಂದ ನೋಡಿದ.

"ಹಾಕ್ದೆ ವಾಪಸ್ ಬಂದಿದ್ರೆ, ಪಾಪ, ಅವನ ಮನಸ್ಸಿಗೆ ಎಷ್ಟು ನೋವಾಗ್ತಿತ್ತು!"