ಗುರುವಪ್ಪ ಓದಿದ ಪಟ್ಟಿ

ಆ ದಿನ ಬೆಳಿಗ್ಗೆ ಹಂಚಿನ ಕಾರ್ಖಾನೆಯ ಗೇಟಿನ ಹಲಗೆಗೆ ಮ್ಯಾನೇಜರ್ ಅನಂತರಾಜರು ಅಂಟಿಸಿದ್ದು ಕೆಲಸದ ಪಟ್ಟಿಯನ್ನಲ್ಲ, ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬಸ್ಸುಗಳ ಸಮಯದ ಪಟ್ಟಿಯನ್ನು. ಅಂಟಿಸಿದವರೇ ಆಫೀಸಿಗೆ ಬಂದು, ಕಿಟಕಿಯನ್ನು ಅರ್ಧ ಮುಚ್ಚಿ, ಸಂದಿಯಲ್ಲಿ ಕಣ್ಣಿಟ್ಟು ಕೂತರು.

ಏಳು ಗಂಟೆಗೆ ಮೇಸ್ತ್ರಿ ಗುರುವಪ್ಪ ಬಂದ. ನಲ್ವತ್ತು ಆಳುಗಳು, ಹೆಂಗಸರೇ ಹೆಚ್ಚು, ಅವನ ಹಿಂದೆ ನಿಂತರು. ತಮ್ಮೊಳಗೆ ಅಕ್ಷರ ಬಲ್ಲವನು ಅವನೊಬ್ಬನೇ ಎಂದು ಎಲ್ಲರೂ ನಂಬಿದ್ದರು. ಗುರುವಪ್ಪ ಕಾಗದದ ಮೇಲೆ ಬೆರಳಿಟ್ಟು, ಒಂದು ಸಲ ಕೆಮ್ಮಿ, ಗಟ್ಟಿಯಾಗಿ ಓದತೊಡಗಿದ. “ತುಕ್ರಪ್ಪ, ಅಚ್ಚಿನ ಹತ್ತಿರ. ಕುಸುಮ, ಮಣ್ಣು ಹೊರುವುದು. ರಾಜೀವಿ, ಒಣಗಿಸುವ ಕೊಟ್ಟಿಗೆ.” ಕಾಗದದಲ್ಲಿ ಇದ್ದದ್ದು ಒಂಬತ್ತು ಬಸ್ಸು, ಗುರುವಪ್ಪ ಓದಿದ್ದು ನಲ್ವತ್ತು ಹೆಸರು. ಆಳುಗಳು ತುಟಿಪಿಟಕ್ಕೆನ್ನದೆ ಒಳಗೆ ಹೋದರು.

ಅನಂತರಾಜರಿಗೆ ಮೈ ಉರಿದುಹೋಯಿತು. ಮೂಡುಬಿದಿರೆಯಿಂದ ಈ ಕೆಲಸಕ್ಕೆ ಬಂದವರು ಅವರು, ಐವತ್ತೇಳರ ಜನವರಿಯಲ್ಲಿ. ಈಗ ಸರಿಯಾಗಿ ಒಂದು ವರ್ಷ. ದಿನಾ ಸಂಜೆ ಕೂತು, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಯಾರಿಗೂ ಹೆಚ್ಚುಕಡಿಮೆಯಾಗದ ಹಾಗೆ ಸರದಿ ಪ್ರಕಾರ ಪಟ್ಟಿ ಬರೆಯುತ್ತಿದ್ದರು. ಬರೆದು ಮುಗಿಸಿ ಅದರ ಅಂದವನ್ನು ತಾವೇ ಸ್ವಲ್ಪ ಹೊತ್ತು ನೋಡುವುದೂ ಇತ್ತು. ಆಳುಗಳ ಮುಖ ನೋಡುವ ಅಗತ್ಯ ಅಷ್ಟಾಗಿ ಬಿದ್ದಿರಲಿಲ್ಲ. ಕಳೆದ ಸೋಮವಾರ ಯಾವುದೋ ನೆಪದಲ್ಲಿ ಒಳಗೆ ಹೋದರೆ, ಭಟ್ಟಿಯ ಬಾಯಲ್ಲಿ ಇರಬೇಕಾದ ರಾಜೀವಿ ಕೊಟ್ಟಿಗೆಯ ನೆರಳಲ್ಲಿ ಹಸಿ ಹಂಚು ಜೋಡಿಸುತ್ತಿದ್ದಳು. ಮರುದಿನವೂ ಅಲ್ಲೇ. ಅಂದಿನಿಂದ ಅನುಮಾನ ಹತ್ತಿಕೊಂಡಿತು. ಗುರುವಪ್ಪ ಅವಳಿಂದ ಏನಾದರೂ ಇಸಕೊಳ್ಳುತ್ತಿದ್ದಾನೋ? ಯೂನಿಯನ್ ಕಟ್ಟಲಿಕ್ಕೆ ಆಳುಗಳನ್ನು ಒಬ್ಬೊಬ್ಬರಾಗಿ ಒಳಗೆ ಹಾಕಿಕೊಳ್ಳುತ್ತಿದ್ದಾನೋ? ಅವನು ನಕ್ಕರೂ ಅನುಮಾನ, ಸುಮ್ಮನಿದ್ದರೆ ಇನ್ನೂ ಹೆಚ್ಚು.

ಗುರುವಪ್ಪನನ್ನು ಕರೆಸಿದರು. ಅವನನ್ನು ಕೆಲಸದಿಂದ ತೆಗೆಯುವ ಕಾಗದ ಮೇಜಿನ ಮೇಲೆ ತಯಾರಿತ್ತು, ರುಜು ಒಂದು ಬಾಕಿ.

“ನಿನಗೆ ಓದ್ಲಿಕ್ಕೆ ಬರ್ತದಾ?”

ಗುರುವಪ್ಪ ತಲೆಯ ಅಡಿಕೆಹಾಳೆಯ ಟೊಪ್ಪಿ ತೆಗೆದ. “ಇಲ್ಲ ಧಣಿ.”

“ಮತ್ತೆ ಒಂದು ವರ್ಷದಿಂದ ಓದಿದ್ದು ಏನು ಮಾರಾಯ?”

“ನನಗೆ ಸರಿ ಕಂಡದ್ದು. ತುಕ್ರಪ್ಪನ ಭುಜ ಹೋಗಿದೆ, ಹೊರ್ಲಿಕ್ಕೆ ಆಗುವುದಿಲ್ಲ. ಕುಸುಮನಿಗೂ ಅವಳ ನಾದಿನಿಗೂ ಮಾತಿಲ್ಲ, ಒಂದೇ ಕಡೆ ಹಾಕಿದರೆ ಹಂಚು ಒಡೀತದೆ.”

“ಅದನ್ನು ನಿನ್ನ ಹೆಸರಲ್ಲಿ ಹೇಳ್ಬೇಕಿತ್ತು. ನನ್ನ ಕಾಗದ ಯಾಕೆ?”

“ನಾನು ಹೇಳಿದ್ದು ಅಂದರೆ ಯಾರು ಕೇಳ್ತಾರೆ? ಇವಳು ಮೇಸ್ತ್ರಿಗೆ ಬೇಕಾದವಳು, ನಾನು ಬೇಡದವಳು ಅಂತ ದಿನಾ ಜಗಳ ಉಂಟು. ಧಣಿಗಳ ಪಟ್ಟಿ ಅಂದರೆ ಬಾಯಿ ಮುಚ್ಚಿ ಹೋಗ್ತಾರೆ.”

“ರಾಜೀವಿಯನ್ನು ಭಟ್ಟಿಯಿಂದ ತೆಗೆದದ್ದು ಯಾಕೆ?”

ಗುರುವಪ್ಪ ತಡವರಿಸಿದ. “ಅದನ್ನು ನಾನು ಹೇಳುವ ಹಾಗಿಲ್ಲ.”

ಸಿಕ್ಕಿಬಿದ್ದ! ಅನಂತರಾಜರಿಗೆ ಒಳಗೊಳಗೇ ಖುಷಿಯಾಯಿತು. ಅವನನ್ನು ಮೂಲೆಯಲ್ಲಿ ನಿಲ್ಲಿಸಿ, ತುಟಿ ಬಿಚ್ಚಬಾರದೆಂದು ತಾಕೀತು ಮಾಡಿ, ರಾಜೀವಿಗೆ ಹೇಳಿಕಳಿಸಿದರು. ಅವಳು ಮಣ್ಣಿನ ಕೈಯನ್ನು ಸೀರೆಗೆ ಒರೆಸುತ್ತ ಬಂದು ಬಾಗಿಲಿನ ಹೊರಗೆ, ಬಿಸಿಲಲ್ಲೇ ನಿಂತಳು.

“ಹೆದರಬೇಡ, ನಿಜ ಹೇಳು. ನೆರಳಿನ ಕೆಲಸ ಸಿಕ್ಕಿದ್ದಕ್ಕೆ ಇವನಿಗೆ ಏನು ಕೊಟ್ಟೆ?”

“ಇವರಿಗಾ?” ರಾಜೀವಿಗೆ ಅರ್ಥವೇ ಆಗಲಿಲ್ಲ. “ಇವರು ನೀವು ಬರೆದದ್ದನ್ನು ಓದುವವರಲ್ಲವಾ? ಕೆಲಸ ಹಾಕಿದ್ದು ನೀವು.”

ಅನಂತರಾಜರು ಏನೋ ಹೇಳಹೊರಟರು. ಅಷ್ಟರಲ್ಲಿ ಅವಳ ಕಣ್ಣು ತುಂಬಿ ಬಂತು.

“ನನಗೆ ಮೊದಲು ಎರಡು ಹೋಗಿತ್ತು ಧಣಿ, ಎರಡೂ ಮೂರನೇ ತಿಂಗಳಲ್ಲಿ. ಈ ಸಲ ಯಾರಿಗೂ ಹೇಳಿರಲಿಲ್ಲ, ಅತ್ತೆಗೂ ಇಲ್ಲ. ಭಟ್ಟಿಯ ಬಿಸಿಗೆ ಇದೂ ಉಳಿಯುವುದಿಲ್ಲ ಅಂತ ಒಂದು ದಿನ ಇಲ್ಲಿಯ ಬಾವಿಕಟ್ಟೆಯಲ್ಲಿ ಕೂತು ಅಳುತ್ತಿದ್ದೆ. ಮರುದಿನವೇ ನೀವು ನನ್ನನ್ನು ನೆರಳಿಗೆ ಹಾಕಿದಿರಿ. ಈಗ ನಾಲ್ಕು ತುಂಬಿತು. ನಿಮಗೆ ಹೇಗೆ ಗೊತ್ತಾಯಿತು ಧಣಿ?”

ಇದೂ ಹೇಳಿಕೊಟ್ಟ ಮಾತಿರಬಹುದೇ ಎಂದು ಅನಂತರಾಜರು ಗುರುವಪ್ಪನ ಮುಖ ನೋಡಿದರು. ಅವನು ನೆಲ ನೋಡುತ್ತಿದ್ದ. ಅನಂತರಾಜರಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಆಯಿತು.

“ಧಣಿಗಳಿಗೆ ಗೊತ್ತಾಗದೆ ಇರ್ತದಾ?” ಎಂದ ಗುರುವಪ್ಪ, ತಾಕೀತು ಮರೆತು. “ನೀನು ಹೋಗು ಮಗಾ, ಬಿಸಿಲಿಗೆ ನಿಲ್ಲಬೇಡ. ಮೇಲಿನ ಹಲಗೆಗೆ ಕೈ ಎತ್ತಬೇಡ, ಕೆಳಗಿನದ್ದು ಮಾತ್ರ ಜೋಡಿಸು.”

ರಾಜೀವಿ ಕದಲಲಿಲ್ಲ. ಮೇಸ್ತ್ರಿ ಹೇಳಿದರೆ ಆಯಿತೇ? ಅವಳು ಅನಂತರಾಜರ ಬಾಯಿಯನ್ನೇ ನೋಡುತ್ತ ನಿಂತಳು.

ಅನಂತರಾಜರು ರುಜುವಿಗೆಂದು ಹಿಡಿದಿದ್ದ ಪೆನ್ನು ಕೆಳಗಿಟ್ಟರು.

“ಹೋಗಮ್ಮ,” ಎಂದರು. “ಬಿಸಿಲಿಗೆ ನಿಲ್ಲಬೇಡ. ಮೇಲಿನ ಹಲಗೆಗೆ ಕೈ ಎತ್ತಬೇಡ. ಕೆಳಗಿನದ್ದು ಮಾತ್ರ.”

ರಾಜೀವಿ ಅನಂತರಾಜರಿಗೆ ಬಗ್ಗಿ ಕೈಮುಗಿದಳು. ಗುರುವಪ್ಪನ ಕಡೆ ತಿರುಗಿಯೂ ನೋಡದೆ ಕೆಲಸಕ್ಕೆ ಹೋದಳು.